ಒಂದೂವರೆ ಸುತ್ತು ಸ್ಪ್ರಿಂಗ್

ಮೂರು ವರ್ಷಗಳ ಹಿಂದೆ, ಆಗಸ್ಟ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ, ಮಂಗಳೂರು ನಗರದ ಹೊರವಲಯದ ಶೂಟಿಂಗ್ ರೇಂಜ್‌ನಲ್ಲಿ ಜಿಲ್ಲಾ ತಂಡದ ಆಯ್ಕೆ ಸ್ಪರ್ಧೆ ನಡೆಯಿತು. ಲವೀನಾ ಎಂಬ ನಲವತ್ತನಾಲ್ಕು ವರ್ಷದ ನರ್ಸ್ ಹದಿನೆಂಟು ಕಬ್ಬಿಣದ ತಟ್ಟೆಗಳಲ್ಲಿ ಹದಿನೇಳನ್ನು ಬೀಳಿಸಿದರು. ಹದಿನೆಂಟನೆಯದು ನಿಂತೇ ಇತ್ತು. ಮರುದಿನದ ಪತ್ರಿಕೆಯಲ್ಲಿ, ಸ್ಥಳೀಯ ಕ್ರೀಡಾ ಸುದ್ದಿಗಳ ನಡುವೆ, 'ಪಿಸ್ತೂಲಿನ ಮ್ಯಾಗಜಿನ್ ಸರಿಯಾಗಿ ಕೂರಿಸಲಾಗದೆ ಅವರು ಆಯ್ಕೆಯಿಂದ ವಂಚಿತರಾದರು' ಎಂಬ ಒಂದು ವಾಕ್ಯ ಬಂತು. ಆ ವಾಕ್ಯ ಬರೆದವನು ನಾನು. ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಈ ವರ್ಷದ ಜೂನ್‌ನಲ್ಲಿ ತೊಕ್ಕೊಟ್ಟಿನ ಮಾರುಕಟ್ಟೆಯಲ್ಲಿ ಮಳೆಗೆ ಸಿಕ್ಕಿ ಒಂದು ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಒಳಗೆ ನಿಂತೆ. ಅಂಗಡಿಯವ ಒಂದು ಯಂತ್ರವನ್ನು ಮಗುಚಿ ಹಾಕಿ ಅದರ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದ. ತೆಳ್ಳಗಿನ ಎಣ್ಣೆ, ಒದ್ದೆ ಕಬ್ಬಿಣ, ಒದ್ದೆ ಬಟ್ಟೆ. ರೇಂಜ್‌ನ ಶಸ್ತ್ರ ಕೋಣೆಯಲ್ಲಿ ಮಳೆಗಾಲದಲ್ಲಿ ಇದೇ ವಾಸನೆ ಇರುತ್ತಿತ್ತು. ಮಳೆ ನಿಂತ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ಇದ್ದೆ. 'ಎಂತ ಬೇಕಿತ್ತು?' ಎಂದು ಅಂಗಡಿಯವ ಕೇಳಿದ. ಏನೂ ಬೇಡವೆಂದು ಹೇಳಿ ಹೊರಟೆ. ಮನೆಗೆ ಹೋಗಲಿಲ್ಲ. ಎಲ್ಲಿಗೆ ಹೋದೆ ಎಂಬುದನ್ನು ಆಮೇಲೆ ಬರೆಯುತ್ತೇನೆ.

ನಾನು ಒಂದು ಕನ್ನಡ ದಿನಪತ್ರಿಕೆಯ ಸುದ್ದಿಮನೆಯಲ್ಲಿ ಉಪಸಂಪಾದಕ. ವರದಿಗಾರರು ಕಳಿಸಿದ್ದನ್ನು ತಿದ್ದುವುದು, ಜಾಗಕ್ಕೆ ತಕ್ಕ ಹಾಗೆ ಕತ್ತರಿಸುವುದು ನನ್ನ ಕೆಲಸ. ಭಾನುವಾರ ಕ್ರೀಡಾ ವರದಿಗಾರರಿಗೆ ರಜೆಯಾದ್ದರಿಂದ ಸ್ಥಳೀಯ ಪಂದ್ಯಗಳ ಸುದ್ದಿಯೂ ನನ್ನ ಪಾಲಿಗೆ ಬರುತ್ತಿತ್ತು. ರೇಂಜ್‌ಗೆ ಮೊದಲು ಹೋದದ್ದು ಹಾಗೆ. ಆಮೇಲೆ ನಾನೇ ಸದಸ್ಯನಾದೆ. ಸದಸ್ಯನಾದ ಕ್ಲಬ್ಬಿನ ಸುದ್ದಿಯನ್ನು ನಾನೇ ಬರೆಯಬಾರದೆಂಬ ನಿಯಮ ನನಗೆ ಗೊತ್ತಿತ್ತು; ಬೇರೆಯವರಿಗೆ ಅದನ್ನು ಪಾಠವಾಗಿ ಹೇಳಿಯೂ ಇದ್ದೆ.

ರೇಂಜ್ ಇದ್ದದ್ದು ಬಿಟ್ಟುಹೋದ ಒಂದು ಕೆಂಪುಕಲ್ಲಿನ ಕೋರೆಯಲ್ಲಿ. ಮೂರು ಕಡೆ ಮೂವತ್ತು ಅಡಿ ಎತ್ತರದ ಗೋಡೆ ತಾನಾಗಿಯೇ ಇತ್ತು. ಗುಂಡು ಹೊರಗೆ ಹೋಗುವ ಭಯವಿರಲಿಲ್ಲ. ಮಳೆಗಾಲದಲ್ಲಿ ಗೋಡೆಯ ಮೇಲಿಂದ ಕೆಂಪು ನೀರು ಇಳಿಯುತ್ತಿತ್ತು. ಕೋರೆಯ ಒಂದು ಮೂಲೆ ಕೆರೆಯಾಗಿ ಕಪ್ಪೆಗಳು ಕೂಗುತ್ತಿದ್ದವು. ತಗಡಿನ ಮಾಡಿನ ಅಡಿ ನಿಂತು ಗುಂಡು ಹಾರಿಸಬೇಕು. ಮಳೆ ಜೋರಾದರೆ ಪಕ್ಕದವರ ಪಿಸ್ತೂಲಿನ ಶಬ್ದವೂ ಕೇಳುತ್ತಿರಲಿಲ್ಲ.

ಲವೀನಾ ಬಿಕರ್ನಕಟ್ಟೆಯವರು, ಫಳ್ನೀರಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನ ನರ್ಸ್. ಕೊಂಕಣಿ ಮನೆಮಾತು, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ತುಳು. ನಲವತ್ತನೇ ವಯಸ್ಸಿನಲ್ಲಿ ಶೂಟಿಂಗ್ ಶುರು ಮಾಡಿದವರು. ಯಾಕೆಂದು ಒಮ್ಮೆ ಕೇಳಿದ್ದೆ.

'ವಾರ್ಡಲ್ಲಿ ಎಂಟು ಗಂಟೆ ಹೊತ್ತು ಎಲ್ರೂ ಸಿಸ್ಟರ್ ಸಿಸ್ಟರ್ ಅಂತ ಕರೀತಾರೆ. ಇಲ್ಲಿ ಕಿವಿಗೆ ಮುಚ್ಚಳ ಹಾಕಿದ್ರೆ ಯಾರೂ ಕರೆಯುದೇ ಇಲ್ಲ. ಅಷ್ಟೇ ಮಾರಾಯ,' ಎಂದಿದ್ದರು.

ಅವರು ನಿಧಾನಿ, ಆದರೆ ಗುರಿ ತಪ್ಪುವುದು ಅಪರೂಪ. ಹಿಂದಿನ ಮಳೆಗಾಲದಲ್ಲಿ ಸ್ಕೂಟರ್ ಜಾರಿ ಎಡ ಹೆಬ್ಬೆರಳಿನ ಬುಡ ಮುರಿದಿತ್ತು. ಮೂಳೆ ಕೂಡಿತು, ಸ್ವಲ್ಪ ಸೊಟ್ಟಗೆ. ವಾರ್ಡಿನ ಕೆಲಸಕ್ಕೆ ತೊಂದರೆಯಾಗಲಿಲ್ಲ. ಹಸುಗೂಸಿನ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ದಾರದಂಥ ನರಕ್ಕೆ ಬಲಗೈಯಲ್ಲಿ ಸೂಜಿ ಹಾಕುವುದರಲ್ಲಿ ಆಸ್ಪತ್ರೆಯಲ್ಲಿ ಅವರದ್ದೇ ಮೇಲುಗೈ. ತೊಂದರೆಯಾದದ್ದು ರೇಂಜ್‌ನಲ್ಲಿ ಮಾತ್ರ.

ಆ ವರ್ಷದ ಆಯ್ಕೆ ಸ್ಪರ್ಧೆಯ ಕ್ರಮ ಹೀಗಿತ್ತು. ಮೊದಲ ಸಾಲಿನಲ್ಲಿ ಎಂಟು ತಟ್ಟೆ. ಅವು ಬಿದ್ದ ಮೇಲೆ ಹತ್ತು ಹೆಜ್ಜೆ ಮುಂದೆ ನಡೆಯುತ್ತಾ ಮ್ಯಾಗಜಿನ್, ಅಂದರೆ ಗುಂಡು ತುಂಬುವ ಪೆಟ್ಟಿಗೆ, ಬದಲಿಸಬೇಕು. ಎರಡನೇ ಸಾಲಿನಲ್ಲಿ ಹತ್ತು ತಟ್ಟೆ. ಎಲ್ಲವೂ ನಿಗದಿತ ಸಮಯದೊಳಗೆ. ತಂಡದಲ್ಲಿ ಮಹಿಳೆಯರಿಗೆ ಉಳಿದಿದ್ದದ್ದು ಒಂದೇ ಜಾಗ. ಲವೀನಾ ಅವರಿಗೆ ಮರುವರ್ಷ ನಲವತ್ತೈದು ತುಂಬುತ್ತಿತ್ತು. ಆಮೇಲೆ ಹಿರಿಯರ ವಿಭಾಗ, ಅದರಲ್ಲಿ ಈ ಸ್ಪರ್ಧೆಯೇ ಇಲ್ಲ. ಜಿಲ್ಲೆಯ ಹೆಸರಿದ್ದ ಅಂಗಿ ಹಾಕಿಕೊಂಡು ಒಮ್ಮೆ ನಿಲ್ಲಬೇಕೆಂದಿದ್ದರೆ ಅದೇ ಕೊನೆಯ ಅವಕಾಶ.

ಮ್ಯಾಗಜಿನ್‌ಗೆ ಹತ್ತು ಗುಂಡು ಹಿಡಿಸುತ್ತದೆ. ಒಂಬತ್ತು ತುಂಬಿದ್ದನ್ನು ಪಿಸ್ತೂಲಿನ ಹಿಡಿಯೊಳಗೆ ತಳ್ಳಿದರೆ ಸಲೀಸಾಗಿ ಕೂರುತ್ತದೆ. ಹತ್ತು ತುಂಬಿದರೆ ಹಾಗಲ್ಲ. ನಡೆಯುತ್ತಾ ಬದಲಿಸುವಾಗ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಮುಚ್ಚಿಕೊಂಡಿರುತ್ತದೆ. ಎಲ್ಲಕ್ಕಿಂತ ಮೇಲಿನ ಗುಂಡು ಸ್ಲೈಡಿನ ಅಡಿಗೆ ತಾಗಿ ಕೂದಲೆಳೆಯಷ್ಟು ಕೆಳಗೆ ತಗ್ಗಬೇಕು. ಒಳಗಿನ ಸ್ಪ್ರಿಂಗ್ ಆಗಲೇ ಪೂರ್ತಿ ಮುದುಡಿರುವುದರಿಂದ ತಗ್ಗಲು ಬಿಡುವುದಿಲ್ಲ. ಅಂಗೈಯಲ್ಲಿ ಒಂದು ಗುದ್ದು ಕೊಟ್ಟು ಕೂರಿಸಬೇಕು. ಉಳಿದವರು ಗುದ್ದುತ್ತಿದ್ದರು. ಲವೀನಾ ಗುದ್ದಿದರೆ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ನೋವು ಹತ್ತುತ್ತಿತ್ತು. ಎರಡು ಸಲ ಗುದ್ದಬೇಕಾಗುತ್ತಿತ್ತು. ಎರಡನೇ ಗುದ್ದಿನಲ್ಲಿ ಕಾಲ ಹೋಗುತ್ತಿತ್ತು.

ಶಸ್ತ್ರ ಕೋಣೆಯ ಹೊಣೆ, ಹಮೀದಣ್ಣ ಎನ್ನುವ ಅರ್ಥದಲ್ಲಿ ಎಲ್ಲರೂ ಹಮೀದಾಕ ಎಂದು ಕರೆಯುವ ಹಿರಿಯರದ್ದು. ಸೇನೆಯಲ್ಲಿ ಬಂದೂಕು ದುರಸ್ತಿ ಮಾಡಿ ನಿವೃತ್ತರಾಗಿ ಬಂದವರು. ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಲವೀನಾ ಅವರನ್ನು 'ಬಾಯಿ' ಎಂದು ಕರೆಯುತ್ತಿದ್ದರು. ಅವರ ಸಲಹೆ ಸರಳವಾಗಿತ್ತು.

'ಒಂಬತ್ತು ತುಂಬಿಸಿ ಬಾಯಿ. ಮೊದಲ ಸಾಲು ಮುಗಿವಾಗ ಪಿಸ್ತೂಲಿನ ನಳಿಗೆಯಲ್ಲಿ ಒಂದು ಉಳೀತದೆ. ಇದರಲ್ಲಿ ಒಂಬತ್ತು. ಹತ್ತು ತಟ್ಟೆಗೆ ಹತ್ತು ಗುಂಡು ಆಯ್ತಲ್ಲ?'

'ಒಂದು ತಪ್ಪಿದ್ರೆ?'

'ತಪ್ಪಬೇಡಿ.'

'ಓಹೋ, ಇದು ಒಳ್ಳೆ ಮದ್ದು. ನಾನೂ ರೋಗಿಗಳಿಗೆ ಹೇಳ್ತೇನೆ, ಸಾಯಬೇಡಿ ಅಂತ.'

ಹಮೀದಾಕ ನಕ್ಕರು. ಲವೀನಾ ನಗಲಿಲ್ಲ. ಅಭ್ಯಾಸದಲ್ಲಿ ಎರಡನೇ ಸಾಲಿಗೆ ಬಂದಾಗ ಅವರು ಆಗೊಮ್ಮೆ ಈಗೊಮ್ಮೆ ಒಂದು ತಪ್ಪುತ್ತಿದ್ದರು. ಆ ಒಂದು ಹೆಚ್ಚಿನ ಗುಂಡು ಅವರಿಗೆ ಬೇಕಿತ್ತು. 'ಅದು ಇದ್ರೆ ಧೈರ್ಯ,' ಎಂದರು. 'ಬೇಕಾಗ್ಲಿಕ್ಕಿಲ್ಲ. ಆದ್ರೆ ಇರ್ಬೇಕು.'

ಜುಲೈ ಕೊನೆಯ ಶುಕ್ರವಾರ ನನಗೆ ವಾರದ ರಜೆ. ರೇಂಜ್‌ನಲ್ಲಿ ನಾನು ಮತ್ತು ಹಮೀದಾಕ ಇಬ್ಬರೇ. ಮಧ್ಯಾಹ್ನ ಅವರು ಜುಮಾ ನಮಾಜಿಗೆ ಹೊರಟರು. 'ಪೇಪರಿನವ್ರೇ, ಸ್ವಲ್ಪ ಕೋಣೆ ನೋಡ್ಕೊಳ್ಳಿ,' ಎಂದು ಬೀಗದ ಕೈ ನನ್ನ ಕೈಗೆ ಕೊಟ್ಟರು. ಬೇರೆ ಯಾರಿಗೂ ಅವರು ಅದನ್ನು ಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

ಲವೀನಾ ಬಳಸುವ ಮ್ಯಾಗಜಿನ್‌ನ ತಳದಲ್ಲಿ ಅವರು ನೀಲಿ ಉಗುರುಬಣ್ಣದ ಚುಕ್ಕೆ ಇಟ್ಟಿದ್ದರು. ಅದನ್ನು ತೆಗೆದೆ. ತಳದ ಮುಚ್ಚಳ ಜಾರಿಸಿದರೆ ಸ್ಪ್ರಿಂಗ್ ಹೊರಬರುತ್ತದೆ. ಬಿಗಿಯಾದದ್ದನ್ನು ಸಡಿಲ ಮಾಡಲು ಸ್ವಲ್ಪ ಕಡಿದರಾಯಿತು ಎಂದು ನನಗೆ ತೋರಿತು. ಎಲ್ಲಿಂದ ಎಂದು ಯೋಚಿಸಲೇ ಇಲ್ಲ. ಇಪ್ಪತ್ತು ವರ್ಷ ನಾನು ಸುದ್ದಿಗಳನ್ನು ಬಾಲದಿಂದ ಕಡಿದವನು. ಮುಖ್ಯವಾದದ್ದೆಲ್ಲ ಮೇಲೆ ಇರುತ್ತದೆ, ಕೊನೆಯ ಪ್ಯಾರಾ ಹೋದರೆ ಯಾರಿಗೂ ಏನೂ ಕಮ್ಮಿಯಾಗುವುದಿಲ್ಲ, ಇದು ನಮ್ಮ ಕಸುಬಿನ ಮೊದಲ ಪಾಠ. ಗುರಿಹಲಗೆಯ ತಂತಿ ಕತ್ತರಿಸುವ ಇಕ್ಕಳದಲ್ಲಿ ಸ್ಪ್ರಿಂಗಿನ ತುದಿಯಿಂದ ಒಂದೂವರೆ ಸುತ್ತು ಕಡಿದೆ. ಮದ್ದಿಲ್ಲದ ಹತ್ತು ಡಮ್ಮಿ ಗುಂಡು ತುಂಬಿ, ಸ್ಲೈಡ್ ಮುಚ್ಚಿದ ಪಿಸ್ತೂಲಿಗೆ ತಳ್ಳಿ ನೋಡಿದೆ. ಎರಡು ಬೆರಳಿನ ಒತ್ತಡಕ್ಕೆ ಟಕ್ ಎಂದು ಕೂತಿತು.

ಮರುದಿನ ಲವೀನಾ ಬಂದರು. ಒಮ್ಮೆ ತಳ್ಳಿದರು. ನನ್ನ ಮುಖ ನೋಡಿದರು. ಇನ್ನೊಮ್ಮೆ ತೆಗೆದು ತಳ್ಳಿದರು.

'ಎಂತ ಮಾಡಿದ್ದು ಇದಕ್ಕೆ?'

'ಒಳಗೆ ತುಕ್ಕು ಇತ್ತು. ಒರೆಸಿ ಎಣ್ಣೆ ಬಿಟ್ಟೆ.'

'ಬರೀ ಎಣ್ಣೆಯಾ? ನಾನು ಒಂದು ತಿಂಗಳಿಂದ ಬಾಲಯೇಸುವಿಗೆ ಮೇಣದಬತ್ತಿ ಉರಿಸ್ತಾ ಇದ್ದೇನೆ ಮಾರಾಯ. ನಿನ್ಗೆ ಹೇಳಿದ್ರೆ ಸಾಕಿತ್ತು.'

ಮ್ಯಾಗಜಿನ್ ಕ್ಲಬ್ಬಿನ ಸ್ವತ್ತು. ಅದನ್ನು ತಿದ್ದಿದರೆ ಸದಸ್ಯತ್ವ ಹೋಗುತ್ತದೆ. ಅವರಿಗೆ ಹೇಳದಿದ್ದರೆ ತಪ್ಪು ನನ್ನೊಬ್ಬನದೇ ಆಗಿರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಸಂತೋಷಪಟ್ಟದ್ದು ನನಗೆ ಹಿತವಾಗಿತ್ತು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಆ ಮಳೆಗಾಲದಲ್ಲಿ ಗುಂಡಿಗೆ ತತ್ವಾರವಿತ್ತು. ಒಬ್ಬೊಬ್ಬರಿಗೆ ಇಷ್ಟೇ ಎಂದು ಕ್ಲಬ್ಬು ಹಂಚುತ್ತಿತ್ತು. ಮ್ಯಾಗಜಿನ್ ಬದಲಿಸುವ ಅಭ್ಯಾಸವನ್ನೆಲ್ಲ ಡಮ್ಮಿ ಗುಂಡಿನಲ್ಲಿ ಮಾಡಿ, ಕೊನೆಗೆ ಮೂರೋ ನಾಲ್ಕೋ ನಿಜವಾದದ್ದನ್ನು ಹಾರಿಸಿ ನಿಲ್ಲಿಸುತ್ತಿದ್ದೆವು. ಆ ಹದಿನೈದು ದಿನಗಳಲ್ಲಿ ನೀಲಿ ಚುಕ್ಕೆಯ ಮ್ಯಾಗಜಿನ್ ಒಮ್ಮೆಯೂ ತಳದವರೆಗೆ ಖಾಲಿಯಾಗಲಿಲ್ಲ. ಕೂರುತ್ತದೆಯೇ ಎಂದು ನಾನು ಹತ್ತಾರು ಸಲ ಪರೀಕ್ಷಿಸಿದ್ದೆ. ಕೊನೆಯ ಗುಂಡು ಮೇಲಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸಿರಲಿಲ್ಲ.

ಸ್ಪರ್ಧೆಯ ದಿನ, ತುಳುವರು ಅಶುಭವೆನ್ನುವ ಆಟಿ ತಿಂಗಳು ಮುಗಿದಿರಲಿಲ್ಲ. 'ಆಟಿಯಲ್ಲಿ ಯಾರಾದ್ರೂ ಒಳ್ಳೆ ಕೆಲ್ಸಕ್ಕೆ ಹೊರಡ್ತಾರಾ?' ಎಂದು ನನ್ನ ಅಮ್ಮ ಬೆಳಿಗ್ಗೆ ಗೊಣಗಿದ್ದರು. ಮಳೆ ನಿಂತು ಹೊಳವಾಗಿತ್ತು. ಹೊರಗಿನಿಂದ ಬಂದ ರೇಂಜ್ ಅಧಿಕಾರಿಯೊಬ್ಬರು ಸ್ಪರ್ಧೆ ನಡೆಸುತ್ತಿದ್ದರು. ಸಮಯ ಬರೆದುಕೊಳ್ಳಲು ಅವರ ಹಿಂದೆ ಮೂರು ಹೆಜ್ಜೆ ದೂರದಲ್ಲಿ ನನ್ನನ್ನು ನಿಲ್ಲಿಸಿದ್ದರು.

ಮೊದಲ ಸಾಲಿನ ಎಂಟು ತಟ್ಟೆಗಳು ಎಂಟು ಗುಂಡಿಗೆ ಬಿದ್ದವು. ಲವೀನಾ ನಡೆಯುತ್ತಾ ಹಳೆಯ ಮ್ಯಾಗಜಿನ್ ಕೆಳಗೆ ಬಿಟ್ಟು ಹೊಸದನ್ನು ತಳ್ಳಿದರು. ಮಳೆ ಇಲ್ಲದ್ದರಿಂದ ಶಬ್ದ ಸ್ಪಷ್ಟವಾಗಿ ಕೇಳಿತು. ಟಕ್. ಒಂದೇ ಸಲಕ್ಕೆ, ಪೂರ್ತಿಯಾಗಿ. ಎರಡನೇ ಸಾಲಿನಲ್ಲಿ ಒಂದು, ಎರಡು, ಮೂರು ಎಂದು ತಟ್ಟೆಗಳು ಬೀಳುತ್ತಾ ಹೋದವು. ಒಂದೂ ತಪ್ಪಲಿಲ್ಲ. ಒಂಬತ್ತು ಬಿದ್ದವು. ಹತ್ತನೆಯದಕ್ಕೆ ಪಿಸ್ತೂಲು ಬರಿದೆ ಕ್ಲಿಕ್ ಎಂದಿತು. ಕಲಿಸಿದ ಹಾಗೆ ಅವರು ಮ್ಯಾಗಜಿನ್ ಎಳೆದು ಮತ್ತೆ ತಳ್ಳಿ ಸ್ಲೈಡ್ ಎಳೆದರು. ಮತ್ತೆ ಕ್ಲಿಕ್. ಸಮಯ ಮುಗಿಯಿತು.

ಮ್ಯಾಗಜಿನ್‌ನಲ್ಲಿ ಎರಡು ಗುಂಡು ಉಳಿದಿದ್ದವು. ಅವನ್ನು ಮೇಲಕ್ಕೆ ತಳ್ಳುವಷ್ಟು ಬಲ ಸ್ಪ್ರಿಂಗಿನಲ್ಲಿ ಉಳಿದಿರಲಿಲ್ಲ. ಆ ಹೆಚ್ಚಿನ ಗುಂಡು ಅವರಿಗೆ ಆ ದಿನ ಬೇಕಾಗಿಯೇ ಇರಲಿಲ್ಲ. ಹಮೀದಾಕ ಹೇಳಿದಂತೆ, ಕಡಿಯದ ಸ್ಪ್ರಿಂಗ್ ಇದ್ದ ಮ್ಯಾಗಜಿನ್‌ನಲ್ಲಿ ಒಂಬತ್ತೇ ತುಂಬಿ ಹೋಗಿದ್ದರೆ ಹದಿನೆಂಟೂ ಬೀಳುತ್ತಿದ್ದವು.

'ಮ್ಯಾಗಜಿನ್ ಪೂರ್ತಿ ಕೂತಿಲ್ಲ. ನಡುವೆ ಸಡಿಲ ಆಗಿದೆ. ನಿಮ್ಮ ಎಡಗೈ ಜಾರಿದ್ದು ಕಂಡೆ,' ಎಂದರು ಅಧಿಕಾರಿ.

'ಕೂತಿತ್ತು ಸರ್. ಶಬ್ದ ಬಂತು.'

ಸಲಕರಣೆಯ ದೋಷವಾದರೆ ಮತ್ತೊಂದು ಅವಕಾಶ ಕೊಡುವ ನಿಯಮವಿತ್ತು. ಅದಕ್ಕೆ ಯಾರಾದರೂ ಸಾಕ್ಷಿ ಹೇಳಬೇಕು; ಹೇಳಿದರೆ ಹಮೀದಾಕ ಮ್ಯಾಗಜಿನ್ ಬಿಚ್ಚಿ ನೋಡುತ್ತಾರೆ. ಲವೀನಾ ನನ್ನ ಕಡೆ ತಿರುಗಿದರು.

'ದಿನೇಶ್, ನೀನು ಇಲ್ಲೇ ಇದ್ದೆಯಲ್ಲ. ಟಕ್ ಅಂತ ಕೇಳ್ಲಿಲ್ವಾ?'

ಅಧಿಕಾರಿಯೂ ನನ್ನನ್ನು ನೋಡಿದರು.

'ನಾನು ಗಡಿಯಾರ ನೋಡ್ತಾ ಇದ್ದೆ,' ಎಂದೆ. 'ಗಮನಿಸಲಿಲ್ಲ.'

ಸಂಜೆ ಕಚೇರಿಯಲ್ಲಿ ಸುದ್ದಿ ಬರೆದೆ. ಅಧಿಕಾರಿ ಹೇಳಿದ್ದನ್ನು ಅವರ ಮಾತಾಗಿ ಹಾಕಬಹುದಿತ್ತು. ಜಾಗ ಸಾಲದೆ 'ಎಂದು ಅಧಿಕಾರಿ ತಿಳಿಸಿದರು' ಎಂಬುದನ್ನು ಕಡಿದೆ. ಉಳಿದದ್ದು ಸಂಗತಿಯಾಗಿ ಅಚ್ಚಾಯಿತು. ಯಾರೋ ಅದನ್ನು ಕತ್ತರಿಸಿ ಕ್ಲಬ್ಬಿನ ಫಲಕಕ್ಕೆ ಚುಚ್ಚಿದರು.

ಮುಂದಿನ ಶನಿವಾರ ಒಬ್ಬನೇ ಹೋಗಿ ನೀಲಿ ಚುಕ್ಕೆಯ ಮ್ಯಾಗಜಿನ್‌ಗೆ ನನ್ನ ಪಾಲಿನ ಹತ್ತು ಗುಂಡು ತುಂಬಿ ಹಾರಿಸಿದೆ. ಕೊನೆಯ ಎರಡು ಮೇಲೆ ಬರಲಿಲ್ಲ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಕ್ರೈಸ್ತರ ತೆನೆಹಬ್ಬವಾದ ಮೊಂತಿ ಹಬ್ಬ ಬಂತು. ಪ್ರತಿ ವರ್ಷ ಲವೀನಾ ಅವರ ಮನೆಯಿಂದ ನಮಗೆ ಹಬ್ಬದ ಪಾಯಸ ಬರುತ್ತದೆ. ಆ ಸಲ ಪಾಯಸದ ಜೊತೆ ಅವರೇ ಬಂದರು. ಅಮ್ಮನ ಹತ್ತಿರ ಸ್ವಲ್ಪ ಹೊತ್ತು ತುಳುವಿನಲ್ಲಿ ಮಾತಾಡಿ, ಜಗಲಿಗೆ ಬಂದು, ಹೆಬ್ಬೆರಳಿನ ಆಪರೇಶನ್ ಮಾಡಿಸುವುದಾಗಿ ಹೇಳಿದರು.

'ನೋವು ಜಾಸ್ತಿಯಾಯ್ತಾ?' ಎಂದು ಕೇಳಿದೆ.

'ನೋವು ಎಂತ ಇಲ್ಲ. ಅವತ್ತು ಜಾರಿತು ಅಂದ್ರಲ್ಲ, ನಂಗೆ ಜಾರಿದ್ದೇ ಗೊತ್ತಾಗ್ಲಿಲ್ಲ ದಿನೇಶ್. ಕೂತಿದೆ ಅಂತ ನನ್ನ ಕೈ ಹೇಳ್ತು. ಕೂತಿರ್ಲಿಲ್ಲ. ಅದೇ ಹೆದರಿಕೆ. ನಾಳೆ ಮೂರು ದಿನದ ಮಗುವಿಗೆ ಸೂಜಿ ಹಾಕುವಾಗ ಈ ಕೈ ಸುಳ್ಳು ಹೇಳಿದ್ರೆ?'

'ಡಾಕ್ಟ್ರು ಎಂತ ಹೇಳ್ತಾರೆ?'

'ಬಲ ಬರ್ಬಹುದು, ಬಾಗುದು ಕಮ್ಮಿಯಾಗ್ಬಹುದು ಅಂತ. ಅವ್ರು ಮಾಡ್ಲೇಬೇಕು ಅಂತ ಹೇಳ್ಲಿಲ್ಲ. ನಾನೇ ಹೇಳಿದ್ದು.'

ಆಪರೇಶನ್‌ನ ಹಿಂದಿನ ದಿನ ಫಳ್ನೀರಿಗೆ ಹೋದೆ. ಹೇಳಬೇಕೆಂದೇ ಹೋದೆ. ಅವರು ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದರು, ಎಡ ಹೆಬ್ಬೆರಳಿನಿಂದಲೇ. ಸಿಪ್ಪೆ ಒಂದೇ ಉದ್ದಕ್ಕೆ ಬರುತ್ತಿತ್ತು. ವಾರ್ಡಿನ ಹುಡುಗಿಯರು ಬಂದು 'ಸಿಸ್ಟರಿಗೆ ಈಗ ನಾವು ಸೂಜಿ ಚುಚ್ಚುದು, ಸೇಡು ತೀರಿಸುದು' ಎಂದು ತಮಾಷೆ ಮಾಡುತ್ತಿದ್ದರು. ಅವರು ಹೋಗಲಿ ಎಂದು ಕಾದೆ. ಹೋದರು. ಆಮೇಲೂ ಅರ್ಧ ಗಂಟೆ ಕೂತಿದ್ದೆ. ಮಳೆಯ ಬಗ್ಗೆ, ಪಂಪ್‌ವೆಲ್ ವೃತ್ತದಲ್ಲಿ ನೀರು ನಿಂತದ್ದರ ಬಗ್ಗೆ ಮಾತಾಡಿದೆವು. 'ಕೈ ಸರಿಯಾದ ಮೇಲೆ ನಿನ್ನ ಎಣ್ಣೆ ನನ್ನ ಹೆಬ್ಬೆರಳಿಗೂ ಹಾಕು ಆಯ್ತಾ,' ಎಂದರು. ಆಯಿತೆಂದು ಹೇಳಿ ಬಂದೆ.

ಆಪರೇಶನ್ ಸರಿಯಾಗಿಯೇ ಆಯಿತು. ಡಾಕ್ಟರು ಮೊದಲೇ ಎಚ್ಚರಿಸಿದಂತೆ ಬಲ ಬಂತು, ಬಾಗುವುದು ಹೋಯಿತು. ಬಾಗದ ಹೆಬ್ಬೆರಳಿನಲ್ಲಿ ಮಗುವಿನ ಮಣಿಕಟ್ಟು ಹಿಡಿಯಲಾಗುವುದಿಲ್ಲ. ಡಿಸೆಂಬರ್‌ನಲ್ಲಿ ಲವೀನಾ ಅವರನ್ನು ವಾರ್ಡಿನಿಂದ ದಾಖಲೆಗಳ ವಿಭಾಗಕ್ಕೆ ಕಳಿಸಿದರು. ಸಂಬಳ ಅದೇ, ಪಾಳಿ ಸುಲಭ. ಎಲ್ಲರೂ ಒಳ್ಳೆಯದಾಯಿತೆಂದರು.

ಅದೇ ತಿಂಗಳು ಹಮೀದಾಕ ವರ್ಷದ ಶುಚಿಗೆ ಎಲ್ಲ ಮ್ಯಾಗಜಿನ್ ಬಿಚ್ಚಿದರು. ನನ್ನನ್ನು ಕರೆದರು. ಬಿಳಿ ಬಟ್ಟೆಯ ಮೇಲೆ ಎರಡು ಸ್ಪ್ರಿಂಗ್ ಅಕ್ಕಪಕ್ಕ ಇಟ್ಟಿದ್ದರು. ಒಂದು ಗಿಡ್ಡ.

'ನಮಾಜಿನ ದಿನವಾ?' ಎಂದು ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.

'ತುದಿಯಿಂದ ಕಡಿದ್ರೆ ಎಂತ ಆಗ್ಲಿಕ್ಕಿಲ್ಲ ಅಂತ ಗ್ರಹಿಸಿದ್ರಾ? ಸ್ಪ್ರಿಂಗಿಗೆ ತಲೆ ಬಾಲ ಇಲ್ಲ ಮಾರಾಯ್ರೇ. ಎಲ್ಲಿ ಕಡಿದ್ರೂ ಪೆಟ್ಟು ಬೀಳುದು ಕೊನೆಯ ಗುಂಡಿಗೆ.' ಹೊಸ ಸ್ಪ್ರಿಂಗ್ ಹಾಕಿ ಮುಚ್ಚಳ ಜಾರಿಸಿದರು. 'ಲವೀನಾ ಬಾಯಿಗೆ ನಾನು ಹೇಳುದಿಲ್ಲ. ಅದು ನಿಮ್ಮ ಬಾಯಿಂದಲೇ ಬರ್ಬೇಕು. ಇನ್ನು ಕೋಣೆ ನೋಡ್ಕೊಳ್ಳುದು ಬೇಡ.'

ನನ್ನ ಬಾಯಿಂದ ಬರಲು ಎರಡೂವರೆ ವರ್ಷ ಹಿಡಿಯಿತು. ತೊಕ್ಕೊಟ್ಟಿನ ಅಂಗಡಿಯಿಂದ ಬಸ್ಸು ಹಿಡಿದು ನೇರ ಬಿಕರ್ನಕಟ್ಟೆಗೆ ಹೋದೆ. ಲವೀನಾ ಆಗಷ್ಟೇ ಕೆಲಸದಿಂದ ಬಂದಿದ್ದರು. ಒದ್ದೆಯಾದ ನನ್ನನ್ನು ನೋಡಿ 'ಎಂತ ಮಾರಾಯ, ಈಜಿಕೊಂಡು ಬಂದದ್ದಾ?' ಎಂದು ಟವೆಲ್ ತರಲು ತಿರುಗಿದರು. ಟವೆಲ್ ಬೇಡ, ಕೂತುಕೊಳ್ಳಿ ಎಂದೆ. ಕ್ರಮವಾಗಿ ಹೇಳಿದೆ: ಇಕ್ಕಳ, ಒಂದೂವರೆ ಸುತ್ತು, ಎಣ್ಣೆಯ ಸುಳ್ಳು, ಟಕ್ ಎಂದದ್ದು ಕೇಳಿದ್ದು, ಗಮನಿಸಲಿಲ್ಲ ಎಂದದ್ದು, ಸುದ್ದಿ ಬರೆದದ್ದು. ಮುಗಿದ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು.

'ಆಸ್ಪತ್ರೆಗೆ ನೋಡ್ಲಿಕ್ಕೆ ಬಂದಿದ್ದೆಯಲ್ಲ, ಆಗ ಗೊತ್ತಿತ್ತಾ?'

'ಗೊತ್ತಿತ್ತು.'

'ಕಿತ್ತಳೆ ಕೊಟ್ಟೆ ನಿನ್ಗೆ. ನೀನು ತಿಂದೆ.'

'ಹೌದು.'

ಅವರು ಎದ್ದು ಬಾಗಿಲಿನ ಹತ್ತಿರ ಹೋಗಿ ನಿಂತರು. ನಾನು ಹೊರಗೆ ಬಂದೆ.

ಮರುದಿನ ಸಂಪಾದಕರಿಗೆ ತಿದ್ದುಪಡಿ ಬರೆದು ಕೊಟ್ಟೆ. 'ಇಷ್ಟು ಹಳೇದಕ್ಕೆ ಈಗ ಎಂತಕ್ಕೆ? ಕೇಸ್ ಉಂಟಾ?' ಎಂದರು. ಇಲ್ಲವೆಂದೆ. ಎರಡು ಸಲ ಓದಿ, ನನ್ನನ್ನು ನೋಡಿ, ಸಹಿ ಹಾಕಿದರು. ನಾಲ್ಕು ಸಾಲು ಅಚ್ಚಾಯಿತು. ಕ್ಲಬ್ಬಿಗೂ ಪತ್ರ ಕೊಟ್ಟೆ. ಮುಗಿದ ಸ್ಪರ್ಧೆಯ ಫಲಿತಾಂಶ ಬದಲಿಸಲು ಬರುವುದಿಲ್ಲವೆಂದೂ ನನ್ನ ಸದಸ್ಯತ್ವ ರದ್ದಾಗಿದೆಯೆಂದೂ ಉತ್ತರ ಬಂತು. ಲವೀನಾ ಅವರಿಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ತೆಗೆದುಕೊಂಡು, ಇನ್ನು ಮಾಡುವುದು ಬೇಡ ಎಂದರು.

ಅವರು ಈಗ ಏರ್ ಪಿಸ್ತೂಲ್ ಹಿಡಿದಿದ್ದಾರೆ ಎಂದು ಹಮೀದಾಕ ತಿಳಿಸಿದರು. ಅದರಲ್ಲಿ ಹಿರಿಯರ ವಿಭಾಗ ಉಂಟು. ಒಂದೇ ಕೈಯಲ್ಲಿ ಹಿಡಿದು ಹೊಡೆಯುವ ಸ್ಪರ್ಧೆ. ಮ್ಯಾಗಜಿನ್ ಇಲ್ಲ, ಒಂದೊಂದೇ ಗುಂಡು ಇಟ್ಟು ಹೊಡೆಯಬೇಕು. ಈ ವರ್ಷದ ಜಿಲ್ಲಾ ಆಯ್ಕೆ ಕಳೆದ ಭಾನುವಾರ ನಡೆಯಿತು. ಆ ದಿನ ನಾನು ಅಲ್ಲಿರಬಾರದೆಂದು ಲವೀನಾ ಕ್ಲಬ್ಬಿಗೆ ಬರೆದು ಕೊಟ್ಟಿದ್ದರು. ನಾನು ಹೋಗಲಿಲ್ಲ, ಪತ್ರಿಕೆಯಿಂದ ಬೇರೊಬ್ಬರು ಹೋಗಿ ವರದಿ ಮಾಡಿದರು. ಹಿರಿಯ ಮಹಿಳೆಯರ ವಿಭಾಗದಲ್ಲಿ ನಾಲ್ವರನ್ನು ತಂಡಕ್ಕೆ ಆರಿಸಲಾಗಿದೆ. ಲವೀನಾ ಐದನೆಯವರು.